ಫ್ರೆಂಚಿನ ಲಿಖಿತ ಸಲ್ಲಾಪವೂ ಭಾಷಾಬೋಧನೆಯೂ

ಗ್ರಂಥಸ್ಥವಾದ ಭಾಷೆಗೂ ಆಡುವ ಭಾಷೆಗೂ ಅಂತರವಿರುವುದು ಎಲ್ಲ ನಾಡುಗಳಲ್ಲಿಯೂ ಉಂಟು. ಫ್ರೆಂಚಿನಲ್ಲಿ ಈ ಅಂತರವು ಬಹಳ ಹಿರಿದು. ವ್ಯಾಕರಣವನ್ನು ಚೆನ್ನಾಗಿ ಕಲಿತ ಪರದೇಶದ ವಿದ್ಯಾರ್ಥಿಯೂ ಪ್ಯಾರಿಸಿನ ತರುಣರ ಮಾತನ್ನು ತಿಳಿಯಲಾರದೆ ಹೋಗುವುದು ಇದರಿಂದಲೇ. ಅಂತರ್ಜಾಲದಲ್ಲಿ ಬರಹದ ಮೂಲಕ ನಡೆಯುವ ಸಲ್ಲಾಪವಾದರೋ, ಕಿವಿಗೆ ಮಾತ್ರ ಗೋಚರವಾಗಿದ್ದ ಆ ಆಡುನುಡಿಯನ್ನು ಕಣ್ಣಿಗೂ ಕಾಣಿಸಿದೆ. ಅದು ಬೋಧನೆಗೆ ಎಷ್ಟರಮಟ್ಟಿಗೆ ಉಪಯುಕ್ತವೆಂಬುದು ವಿಚಾರಾರ್ಹವಾದ ವಿಷಯ.

ಫ್ರಾನ್ಸಿನಲ್ಲಿ ಈ ಬಗೆಯ ಬರಹವು ಹೊಸದೇನೂ ಅಲ್ಲ. ದೂರವಾಣಿಯ ತಂತಿಗೆ ಜೋಡಿಸಿದ ‘ಮಿನಿತೆಲ್’ ಯಂತ್ರವು ೧೯೮೨ರಲ್ಲಿ ದೇಶದಲ್ಲೆಲ್ಲ ಬಳಕೆಗೆ ಬಂದು ೨೦೧೨ರವರೆಗೆ ನಡೆಯಿತು. ಜನರು ಅದರಲ್ಲಿಯೇ ಪರಸ್ಪರ ಬರೆದು ಮಾತನಾಡುತ್ತಿದ್ದರು. ಬಳಿಕ ಸಂಚಾರಿ ದೂರವಾಣಿಯ ಸಂದೇಶಗಳು ಬಂದವು. ೨೦೦೪ರಲ್ಲಿ ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾಲಯದ ವಿದ್ವಾಂಸರು ಇಂಥ ಸಂದೇಶಗಳನ್ನು ಜನರಿಂದ ದಾನವಾಗಿ ಪಡೆದು, ೩೦,೦೦೦ ಸಂದೇಶಗಳ ಸಂಗ್ರಹವೊಂದನ್ನು ಸಂಶೋಧನೆಗೆ ಅಣಿಗೊಳಿಸಿದರು.

ಈ ಬರಹದ ವಿಶೇಷಗಳನ್ನು ಎರಡು ವರ್ಗವಾಗಿ ವಿಂಗಡಿಸಬೇಕು. ಮೊದಲನೆಯವು ಕೇವಲ ಲಿಪಿಗೆ ಸಂಬಂಧಿಸಿದವು. ‘ನಾಳೆ’ ಎಂಬರ್ಥದ ಶಬ್ದವನ್ನು ೨ರ ಅಂಕಿ, ‘ಮ’ಕಾರ, ೧ರ ಅಂಕಿ ಇವುಗಳಿಂದ ಬರೆಯುವರು, ಅಂಕಿಗಳ ಫ್ರೆಂಚ್ ಹೆಸರುಗಳೇ ಅಲ್ಲಿ ಉಚ್ಚಾರವಾಗುತ್ತವೆ. ಇವು ಬೆರಳಿನ ಶ್ರಮವನ್ನು ಉಳಿಸಲು ಹುಟ್ಟಿದವು. ಯಂತ್ರವು ಬದಲಾದಂತೆ ಬದಲಾಗತಕ್ಕವು.

ಎರಡನೆಯವು ಭಾಷೆಯ ಒಡಲಿಗೇ ಸೇರಿದವು. ‘ನನಗೆ ತಿಳಿಯದು’ ಎನ್ನಲು ವ್ಯಾಕರಣವು ‘ಜ ನ ಸೇ ಪಾ’ ಎಂದು ವಿಧಿಸುತ್ತದೆ. ಸಲ್ಲಾಪದಲ್ಲಿ ‘ನ’ ಲೋಪವಾಗಿ ‘ಜ ಸೇ ಪಾ’ ಎಂದೂ, ಮತ್ತೂ ಸವೆದು ‘ಶೇ ಪಾ’ ಎಂದೂ ಬರುವುದು. ಇದು ಅಜ್ಞಾನದ ಫಲವಲ್ಲ. ಲ್ಯಾಟಿನ್ನಿನ ‘ನೋನ್’ ಎಂಬ ನಿಷೇಧವು ಫ್ರೆಂಚಿನಲ್ಲಿ ‘ನ’ ಎಂದು ಕ್ಷೀಣಿಸಿತು. ಅದಕ್ಕೆ ಬಲ ಕೊಡಲು ‘ಹೆಜ್ಜೆ’ ಎಂಬರ್ಥದ ‘ಪಾ’ ಬಂದು ಸೇರಿತು. ಈಗ ‘ನ’ ಜಾರಿಹೋಗಿ ‘ಪಾ’ ಒಂದೇ ನಿಷೇಧಾರ್ಥವನ್ನು ಹೊತ್ತು ನಿಂತಿದೆ. ಡೆನ್ಮಾರ್ಕಿನ ಪಂಡಿತ ಯೆಸ್ಪರ್ಸೆನ್ನರು ೧೯೧೭ರಲ್ಲಿಯೇ ಈ ಪರಿವರ್ತನೆಯನ್ನು ವಿವರಿಸಿದ್ದರು. ಆದಕಾರಣ ತರುಣರ ಹರಟೆಯಲ್ಲಿ ಕಾಣುವ ಈ ಲೋಪವು ಬಹುಕಾಲದ ಭಾಷಾಚರಿತ್ರೆಯ ಮುಂದುವರಿಕೆಯೇ ಆಗಿದೆ.

ಸಂಬೋಧನೆಯ ವಿಷಯವು ಇನ್ನೂ ಸೂಕ್ಷ್ಮವಾದುದು. ಫ್ರೆಂಚಿನ ‘ತು’, ‘ವು’ಗಳು ಬಹುಮಟ್ಟಿಗೆ ಕನ್ನಡದ ‘ನೀನು’, ‘ನೀವು’ಗಳಂತೆ. ಓರಗೆಯವರನ್ನು ‘ವು’ ಎಂದರೆ ಬಿಗುಮಾನ. ಅಪರಿಚಿತರಾದ ಹಿರಿಯರನ್ನು ‘ತು’ ಎಂದರೆ ಅವಿನಯ. ಬೆಲ್ಟ್ಸ್ ಮತ್ತು ಕಿಂಗಿಂಜರ್ ಎಂಬ ವಿದುಷಿಯರು ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಗಮನಾರ್ಹ. ಫ್ರೆಂಚ್ ಮತ್ತು ಜರ್ಮನ್ ಕಲಿಯುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳು ಆಯಾ ದೇಶದ ಓರಗೆಯವರೊಡನೆ ಬರಹದಲ್ಲಿ ಸಂಭಾಷಿಸುತ್ತ ಈ ಭೇದವನ್ನು ಅರಿತುಕೊಂಡ ಬಗೆಯನ್ನು ಅದು ತೋರಿಸುತ್ತದೆ. ಪಠ್ಯಪುಸ್ತಕದ ನಿಯಮಕ್ಕಿಂತ ಗೆಳೆಯನ ತಿದ್ದುಪಡಿಯು ಆಳವಾಗಿ ನಾಟುವುದು ಸಹಜವೇ ಸರಿ.

ಇದರಿಂದ ವ್ಯಾಕರಣವನ್ನು ಬಿಟ್ಟು ಹರಟೆಯನ್ನೇ ಕಲಿಸಬೇಕೆಂದು ಏರ್ಪಡುವುದಿಲ್ಲ. ಆಡುನುಡಿಯ ರೂಪಗಳನ್ನು ವಿದ್ಯಾರ್ಥಿಯು ಮೊದಲು ಗುರುತಿಸಬೇಕು. ಪ್ರಯೋಗಿಸುವುದು ಆಮೇಲಿನ ಮಾತು. ಒಂದು ಸಲ್ಲಾಪವನ್ನು ಕೊಟ್ಟು, ಅದೇ ಅರ್ಥವನ್ನು ಹಿರಿಯರಿಗೆ ಬರೆದ ಪತ್ರವಾಗಿ ಮಾರ್ಪಡಿಸಲು ಹೇಳಿದರೆ, ಯಾವುದು ಲಿಪಿಯ ಸಂಕ್ಷೇಪ, ಯಾವುದು ಭಾಷೆಯ ನಡೆ, ಯಾವುದು ಸಂದರ್ಭದ ಮರ್ಯಾದೆ ಎಂಬುದು ಅವನಿಗೆ ತಾನಾಗಿ ತಿಳಿದುಬರುವುದು.