ಹಾಯಿದೋಣಿಯ ಪಂದ್ಯವೂ ಅದರ ಖಲಾಸಿಗಳ ಕೆಲಸವೂ

ಅಮೇರಿಕಾ ದೇಶದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ಪಟ್ಟಣದ ನಡುವೆ ಯೂನಿಯನ್ ಎಂಬ ಸರೋವರವುಂಟು. ಬೇಸಗೆಯ ಮಂಗಳವಾರಗಳ ಸಾಯಂಕಾಲದಲ್ಲಿ ಅಲ್ಲಿ ಹಾಯಿದೋಣಿಗಳ ಪಂದ್ಯವು ನಡೆಯುತ್ತದೆ. 'ಡಕ್ ಡಾಡ್ಜ್', ಅಂದರೆ ಬಾತುಗಳನ್ನು ತಪ್ಪಿಸಿಕೊಂಡು ಹೋಗುವುದು, ಎಂಬ ವಿನೋದದ ಹೆಸರುಳ್ಳ ಈ ಪಂದ್ಯವು 1974ನೆಯ ಇಸವಿಯಲ್ಲಿ ಆರಂಭವಾಯಿತು. ಜೂನ್ ತಿಂಗಳ ಕೊನೆಯಲ್ಲಿ ಅಲ್ಲಿ ರಾತ್ರಿ 9 ಗಂಟೆಯಾದ ತರುವಾಯವೇ ಸೂರ್ಯನು ಮುಳುಗುವುದರಿಂದ, ದಿನದ ಉದ್ಯೋಗವನ್ನು ಮುಗಿಸಿ ಬಂದವರಿಗೂ ಬೇಕಾದಷ್ಟು ಬೆಳಕಿರುತ್ತದೆ. ಗೆದ್ದವರಿಗೆ ಸಿಕ್ಕುವ ಬಹುಮಾನವಾದರೋ ಬಾತಿನ ಚಿತ್ರವುಳ್ಳ ಒಂದು ಅಂಟುಚೀಟಿ ಮಾತ್ರ.

ದೂರದೇಶದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇಂಥ ದೋಣಿಗೆ ಖಲಾಸಿಯಾಗಿ ಬರಬೇಕೆಂಬ ಕರೆಯು ಬರಬಹುದು. ಅದನ್ನು ಕೇಳಿದ ಹೆತ್ತವರಿಗೆ ಭಯವಾಗುವುದೂ ಸಹಜವೇ. ಆದುದರಿಂದ ಆ ಕೆಲಸವು ಎಂಥದೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಹಾಯಿ ಎಂಬುದು ನಮ್ಮವರಿಗೆ ಹೊಸದಲ್ಲ. ಹಿಂದಿನ ಕಾಲದಲ್ಲಿ ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುತ್ತಿದ್ದ ಮಂಜಿಗಳು ಹಾಯಿಯಿಂದಲೇ ಓಡುತ್ತಿದ್ದವು. ಆದರೆ ಯಾವ ಹಾಯಿದೋಣಿಯೂ ಗಾಳಿಗೆ ನೇರವಾಗಿ ಇದಿರು ಹೋಗಲಾರದು. ಗಾಳಿ ಬರುವ ಕಡೆಗೆ ಹೋಗಬೇಕಾದರೆ ಸುಮಾರು 45 ಅಂಶಗಳಷ್ಟು ಓರೆಯಾಗಿ ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ತಿರುಗುತ್ತಾ ಸಾಗಬೇಕು. ಗಾಳಿಯು ದೋಣಿಯನ್ನು ಅಡ್ಡಕ್ಕೆ ನೂಕಿದರೂ, ಅದರ ತಳದಿಂದ ನೀರಿನೊಳಕ್ಕೆ ಇಳಿದಿರುವ ಅಗಲವಾದ ಫಲಕವು ಅಡ್ಡ ಜಾರದಂತೆ ತಡೆಯುವುದರಿಂದ ದೋಣಿಯು ಮುಂದಕ್ಕೆ ಸರಿಯುತ್ತದೆ.

ಹೀಗೆ ತಿರುಗುವ ಗಳಿಗೆಯೇ ಖಲಾಸಿಗಳಿಗೆ ಮುಖ್ಯವಾದುದು. ಚುಕ್ಕಾಣಿ ಹಿಡಿದವನು "ತಿರುಗಲು ಸಿದ್ಧರೋ?" ಎಂದು ಕೇಳುತ್ತಾನೆ. ಪ್ರತಿಯೊಬ್ಬರೂ ತಮ್ಮ ಹಗ್ಗವನ್ನು ನೋಡಿಕೊಂಡು "ಸಿದ್ಧ" ಎಂದು ಉತ್ತರ ಕೊಡಬೇಕು. ದೋಣಿಯ ಮೂತಿಯು ಗಾಳಿಯನ್ನು ದಾಟುತ್ತಲೇ ಒಬ್ಬರು ಮುಂದಿನ ಹಾಯಿಯ ಹಗ್ಗವನ್ನು ಬಿಡುತ್ತಾರೆ. ಇನ್ನೊಬ್ಬರು ಮತ್ತೊಂದು ಬದಿಯ ಹಗ್ಗವನ್ನು ಉರುಳೆಗೆ ಬಲಸುತ್ತಾಗಿ ಸುತ್ತಿ ಎಳೆಯುತ್ತಾರೆ. ತಡಮಾಡಿದರೆ ಹಾಯಿಯು ಗಾಳಿಯಿಂದ ಬಿಗಿದುಕೊಂಡು, ಎಷ್ಟು ಬಲಶಾಲಿಯಾದರೂ ಬಹಳ ಪ್ರಯಾಸಪಡಬೇಕಾಗುವುದು. ಸಮಯಕ್ಕೆ ಸರಿಯಾಗಿ ಎಳೆದರೆ ಹಗುರವಾದ ಕೈಗೂ ಅದು ಸುಲಭವೇ. ಆದಕಾರಣ ಇಲ್ಲಿ ತೋಳಿನ ಬಲಕ್ಕಿಂತ ಗಮನವೇ ಹೆಚ್ಚಿನದು. ಹಗ್ಗ ಎಳೆಯುವ ಕೆಲಸವಿಲ್ಲದವರು ಗಾಳಿ ಬರುವ ಬದಿಯ ಅಂಚಿನಲ್ಲಿ ಕುಳಿತು, ತಮ್ಮ ಭಾರದಿಂದಲೇ ದೋಣಿಯು ಅತಿಯಾಗಿ ವಾಲದಂತೆ ಕಾಯಬೇಕು.

ಅಪಾಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ದೊಡ್ಡ ಹಾಯಿಯ ಬುಡವನ್ನು ಹಿಡಿದಿರುವ ಅಡ್ಡಮರವು ದೋಣಿ ತಿರುಗುವಾಗ ಒಂದು ಬದಿಯಿಂದ ಮತ್ತೊಂದಕ್ಕೆ ಬೀಸುತ್ತದೆ. ಗಾಳಿಯು ಹಿಂದಿನಿಂದ ಬರುವಾಗಲಂತೂ ಅದರ ವೇಗವು ಬಹು ಭಯಂಕರ. ತಲೆಗೆ ತಗಲಿದರೆ ಪ್ರಾಣಕ್ಕೇ ಕೇಡು. ಆದುದರಿಂದ ಕರೆ ಕೇಳಿದೊಡನೆ ತಲೆ ತಗ್ಗಿಸಬೇಕು; ಕಾರಣ ಕೇಳುವುದಕ್ಕೆ ಅದು ಸಮಯವಲ್ಲ. ಉರುಳೆಗೂ ಹಗ್ಗಕ್ಕೂ ನಡುವೆ ಬೆರಳಿಡಬಾರದು. ಸುರುಳಿಯಾಗಿ ಬಿದ್ದ ಹಗ್ಗದೊಳಗೆ ಕಾಲಿಡಬಾರದು. ಈಜು ಬಲ್ಲವರೂ ತೇಲಿಸುವ ಅಂಗಿಯನ್ನು ತೊಟ್ಟುಕೊಂಡೇ ಇರಬೇಕು. ತಾಯಂದಿರು ಮಗಳಿಗೆ ಈ ನಾಲ್ಕು ಮಾತುಗಳನ್ನು ಮರೆಯದೆ ತಿಳಿಸಲಿ.

ಅನೇಕ ದೋಣಿಗಳು ಇಕ್ಕಟ್ಟಾದ ನೀರಿನಲ್ಲಿ ಓಡುವಾಗ ಡಿಕ್ಕಿಯಾಗದಂತೆ ಕಾಯುವುದು ದಾರಿಬಿಡುವ ನಿಯಮಗಳೇ. ಎಡಗಡೆಯಿಂದ ಗಾಳಿಯನ್ನು ಪಡೆಯುವ ದೋಣಿಯು ಬಲಗಡೆಯಿಂದ ಪಡೆಯುವ ದೋಣಿಗೆ ದಾರಿ ಬಿಡತಕ್ಕದ್ದು. ಎರಡಕ್ಕೂ ಒಂದೇ ಕಡೆಯಿಂದ ಗಾಳಿಯಿದ್ದರೆ, ಗಾಳಿಗೆ ಹತ್ತಿರವಿರುವುದು ಸರಿದುಕೊಳ್ಳಬೇಕು. ಹಾಯಿಯ ಮರೆಯಲ್ಲಿರುವ ದೋಣಿಯು ಚುಕ್ಕಾಣಿಯವನಿಗೆ ಕಾಣದ ಪ್ರಯುಕ್ತ, ಬಗ್ಗಿ ನೋಡಿ ಮುಂಚಿತವಾಗಿ ಕೂಗಿ ಹೇಳುವುದು ಖಲಾಸಿಯ ಹೊಣೆ. ಆ ಸರೋವರದಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳೂ ಉಂಟಾದುದರಿಂದ, ಕಣ್ಣಿಗೆ ಕೆಲಸವು ಇಮ್ಮಡಿಯಾಗುತ್ತದೆ.

ಪಂದ್ಯಕ್ಕೆ ಹೆಸರು ಕೊಟ್ಟ ನಿಯಮವೂ ಇದೇ ಜಾತಿಯದು. ದೋಣಿಯ ದೆಸೆಯಿಂದ ಬಾತೊಂದು ತನ್ನ ದಾರಿಯನ್ನು ಬದಲಿಸಬೇಕಾದರೆ ಆ ದೋಣಿಯು ಪಂದ್ಯದಿಂದ ಹೊರಗಾದಂತೆಯೇ ಎಂದು ಅಲ್ಲಿಯ ಸಂಪ್ರದಾಯ. ಕೇಳಿದವರು ನಗಬಹುದು. ಆದರೂ ಗೆಲ್ಲುವ ಆತುರದಲ್ಲಿ ನೀರಿನ ಮೇಲಿನ ಅತಿ ಚಿಕ್ಕ ಜೀವಿಯನ್ನೂ ನೋಡಿ ನಡೆಯುವವರು, ಪಕ್ಕದ ದೋಣಿಯನ್ನೂ ತಮ್ಮ ಜೊತೆಗಾರರ ತಲೆಯನ್ನೂ ನೋಡದೆ ಇರಲಾರರು.

ಪಂದ್ಯ ಮುಗಿದ ತರುವಾಯ ದೋಣಿಗಳನ್ನು ಸರೋವರದ ನಡುವೆ ಒಂದಕ್ಕೊಂದು ಕಟ್ಟಿ, ಗೆದ್ದವರೂ ಸೋತವರೂ ಒಟ್ಟಾಗಿ ಸಂತೋಷಪಡುತ್ತಾರೆ. ನಮ್ಮ ಹೆಣ್ಣುಮಕ್ಕಳಲ್ಲಿ ಯಾರಿಗಾದರೂ ಅಂಥ ಕರೆ ಬಂದರೆ, ಚುಕ್ಕಾಣಿಯವನು ಅನುಭವಸ್ಥನೆಂದು ವಿಚಾರಿಸಿಕೊಂಡು ಧೈರ್ಯವಾಗಿ ಹೋಗಲಿ. ಮೊದಲನೆಯ ಸಾಯಂಕಾಲ ಒಂದು ಹಗ್ಗವನ್ನು ಮಾತ್ರ ವಹಿಸಿಕೊಂಡು, ಅದನ್ನು ಚೆನ್ನಾಗಿ ನೋಡಿಕೊಂಡರೆ ಸಾಕು.