ಸೋರಿಯಾಸಿಸ್: ಅವಸರದಿಂದ ಬೆಳೆಯುವ ಚರ್ಮ

ಪಾಠ ಮುಗಿಸಿ ಹೊರಬಂದ ಅಧ್ಯಾಪಕನ ತೋಳಿನ ಮೇಲೆ ಬಿಳಿಯ ಪುಡಿಯಿದ್ದರೆ ಅದು ಸೀಮೆಸುಣ್ಣದ ಧೂಳೆಂದು ಎಲ್ಲರೂ ಭಾವಿಸುತ್ತಾರೆ. ನನ್ನ ವಿಷಯದಲ್ಲಿ ಅದು ಯಾವಾಗಲೂ ನಿಜವಲ್ಲ. ನನ್ನ ಮೊಣಕೈಗಳ ಮೇಲೆ ಹಲವು ವರ್ಷಗಳಿಂದ ಸೋರಿಯಾಸಿಸ್ ಎಂಬ ಚರ್ಮವ್ಯಾಧಿಯಿದೆ. ಒಮ್ಮೆ ಪ್ರಯೋಗಶಾಲೆಯಲ್ಲಿ ನಾನು ಮುಟ್ಟಿದ ಮಸೂರವನ್ನು ವಿದ್ಯಾರ್ಥಿಯೊಬ್ಬನು ಕರವಸ್ತ್ರದಿಂದ ಚೆನ್ನಾಗಿ ಒರೆಸಿ, ಅನಂತರವೇ ಕೈಗೆತ್ತಿಕೊಂಡನು. ಅವನಲ್ಲಿ ದುರುದ್ದೇಶವಿರಲಿಲ್ಲ, ತಿಳಿವಳಿಕೆಯಿರಲಿಲ್ಲ, ಅಷ್ಟೆ. ಅಂದು ಅವನಿಗೆ ಹೇಳದೆ ಉಳಿದುದನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯ ಮಾತು: ಸೋರಿಯಾಸಿಸ್ ಅಂಟುರೋಗವಲ್ಲ. ಮುಟ್ಟುವುದರಿಂದಾಗಲಿ, ಜೊತೆಯಲ್ಲಿ ಉಣ್ಣುವುದರಿಂದಾಗಲಿ, ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ಉಡುವುದರಿಂದಾಗಲಿ ಅದು ಹರಡದು. ಏಕೆಂದರೆ ಅದರ ಮೂಲವು ಹೊರಗಿನಿಂದ ಬಂದ ಕ್ರಿಮಿಯಲ್ಲ. ದೇಹದೊಳಗಿನ ಒಂದು ತಪ್ಪು ಆಜ್ಞೆ.

ನಮ್ಮ ಚರ್ಮದ ಹೊರಪದರದ ತಳದಲ್ಲಿ ಹೊಸ ಜೀವಕೋಶಗಳು ಸದಾ ಹುಟ್ಟುತ್ತಿರುತ್ತವೆ. ಅವು ಮೆಲ್ಲಮೆಲ್ಲನೆ ಮೇಲೇರುತ್ತ, ಚಪ್ಪಟೆಯಾಗಿ, ಜೀವವಳಿದು, ಕೊನೆಗೆ ಕಣ್ಣಿಗೆ ಕಾಣದಂತೆ ಉದುರಿಹೋಗುತ್ತವೆ. ಈ ಪ್ರಯಾಣಕ್ಕೆ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವೆಡೆಯಲ್ಲಾದರೋ ಅದು ಒಂದು ವಾರದೊಳಗೇ ಮುಗಿದುಬಿಡುತ್ತದೆ. ಸರಿಯಾಗಿ ಬಲಿಯದ ಕೋಶಗಳು ಒಂದರ ಮೇಲೊಂದು ಪೇರಿಕೊಂಡು ಬೆಳ್ಳಿಯ ಬಣ್ಣದ ಹೊಟ್ಟಾಗುತ್ತವೆ. ಅದರ ಕೆಳಗೆ ರಕ್ತನಾಳಗಳು ಹಿಗ್ಗಿ ಚರ್ಮವು ಕೆಂಪೇರುತ್ತದೆ. ಕಪ್ಪು ಮೈಬಣ್ಣದವರಲ್ಲಿ ಅದು ನೇರಿಳೆಯಾಗಿ ಕಾಣಬಹುದು.

ಈ ಅವಸರಕ್ಕೆ ಕಾರಣವೇನು? ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ಟಿ-ಕೋಶಗಳು ಶತ್ರುವಿಲ್ಲದ ಕಡೆಯಲ್ಲಿಯೂ ಯುದ್ಧ ಹೂಡುತ್ತವೆ. ಅವು ಸ್ರವಿಸುವ ಇಂಟರ್‌ಲ್ಯೂಕಿನ್-17 ಮುಂತಾದ ರಾಸಾಯನಿಕಗಳು ಚರ್ಮದ ಕೋಶಗಳನ್ನು ಬೇಗಬೇಗನೆ ಬೆಳೆಯುವಂತೆ ಪ್ರಚೋದಿಸುತ್ತವೆ. ಇಂತಹ ಪ್ರವೃತ್ತಿ ವಂಶದಲ್ಲಿ ಬರಬಹುದು. ಆದರೆ ವಂಶವೊಂದೇ ಸಾಲದು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಈ ವ್ಯಾಧಿ ಬಂದು ಇನ್ನೊಬ್ಬರಿಗೆ ಬಾರದಿರುವುದುಂಟು. ಗಂಟಲಿನ ಸೋಂಕು, ಮನಸ್ಸಿನ ಕಳವಳ, ಧೂಮಪಾನ, ಮದ್ಯಪಾನ, ಕೆಲವು ಔಷಧಿಗಳು, ಅಷ್ಟೇಕೆ, ಒಂದು ಗೀರುಗಾಯವೂ ಅಡಗಿದ್ದ ವ್ಯಾಧಿಯನ್ನು ಕೆರಳಿಸಬಲ್ಲುದು.

ಇನ್ನು ಚಿಕಿತ್ಸೆ. ಭೌತಶಾಸ್ತ್ರವನ್ನು ಓದಿದವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಬಿಸಿಲಿನಿಂದ ಈ ವ್ಯಾಧಿ ತಗ್ಗುವುದನ್ನು ಜನರು ಬಹುಕಾಲದಿಂದ ಕಂಡಿದ್ದರು. 1925ರಲ್ಲಿ ಅಮೆರಿಕದ ವೈದ್ಯ ಗೋಕರ್‌ಮನ್ ಕಲ್ಲಿದ್ದಲಿನ ಟಾರನ್ನು ಲೇಪಿಸಿ, ಮೇಲೆ ಅತಿನೇರಿಳೆ ಕಿರಣಗಳನ್ನು ಹಾಯಿಸುವ ಕ್ರಮವನ್ನು ಪ್ರಕಟಿಸಿದನು. ಆದರೆ ಅತಿನೇರಿಳೆಯಲ್ಲಿ ಯಾವ ಕಿರಣವು ಗುಣಕಾರಿ? 1981ರಲ್ಲಿ ಪ್ಯಾರಿಷ್ ಮತ್ತು ಅವನ ಸಹೋದ್ಯೋಗಿ ಒಂದೊಂದೇ ತರಂಗದೂರವನ್ನು ಬೇರ್ಪಡಿಸಿ ಪರೀಕ್ಷಿಸಿದರು. 290 ನ್ಯಾನೊಮೀಟರಿನವರೆಗಿನ ಕಿರಣಗಳು ಚರ್ಮವನ್ನು ಸುಟ್ಟರೂ ವ್ಯಾಧಿಯನ್ನು ತಗ್ಗಿಸಲಿಲ್ಲ. 296ರಿಂದ 313ರವರೆಗಿನವು ತಗ್ಗಿಸಿದವು. ಈ ತಿಳಿವಿನ ಫಲವೇ 311 ನ್ಯಾನೊಮೀಟರಿನ ಸುತ್ತಣ ಬೆಳಕನ್ನು ಬೀರುವ ಇಂದಿನ ದೀಪಗಳು. ಆ ಬೆಳಕು ಚರ್ಮದಲ್ಲಿ ನೆರೆದ ಟಿ-ಕೋಶಗಳನ್ನು ಅಡಗಿಸುತ್ತದೆ. ಚದರ ಸೆಂಟಿಮೀಟರಿಗೆ ಇಷ್ಟು ಮಿಲಿಜೂಲ್ ಎಂದು ಅಳೆದು, ಕಣ್ಣುಗಳಿಗೆ ಕಾಪು ತೊಡಿಸಿ, ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಅದನ್ನು ಕೊಡಬೇಕು.

ವ್ಯಾಧಿ ಅಲ್ಪವಾಗಿದ್ದರೆ ಚರ್ಮವನ್ನು ಮೃದುವಾಗಿಡುವ ಲೇಪಗಳು, ಸ್ಟೀರಾಯ್ಡ್ ಮುಲಾಮು, ಡಿ ಜೀವಸತ್ತ್ವವನ್ನು ಹೋಲುವ ಮುಲಾಮುಗಳು ಸಾಕಾಗಬಹುದು. ಉಲ್ಬಣಿಸಿದರೆ ಮೆಥೊಟ್ರೆಕ್ಸೇಟ್ ಗುಳಿಗೆಗಳೂ ಇಂಟರ್‌ಲ್ಯೂಕಿನ್‌ಗಳನ್ನೇ ತಡೆಯುವ ಚುಚ್ಚುಮದ್ದುಗಳೂ ಉಂಟು. ಸ್ಟೀರಾಯ್ಡ್ ಗುಳಿಗೆಗಳನ್ನು ತಾವಾಗಿಯೇ ಕೊಂಡು ನುಂಗುವುದು ಅಪಾಯಕರ. ಅವನ್ನು ನಿಲ್ಲಿಸಿದೊಡನೆ ವ್ಯಾಧಿ ಮೊದಲಿಗಿಂತ ಭೀಕರವಾಗಿ ಮರುಕಳಿಸಬಹುದು. ಬೆಳಗ್ಗೆ ಏಳುವಾಗ ಕೀಲುಗಳು ಬಿಗಿದು ನೋಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸತಕ್ಕದ್ದು. ಈ ವ್ಯಾಧಿಯು ಕೀಲುಗಳನ್ನೂ ಕೆಡಿಸಬಲ್ಲುದು.

ಸೋರಿಯಾಸಿಸ್ಸನ್ನು ಬೇರುಸಹಿತ ಕೀಳುವ ಔಷಧಿ ಇನ್ನೂ ದೊರೆತಿಲ್ಲ. ಆದರೆ ಅದನ್ನು ಹತೋಟಿಯಲ್ಲಿಟ್ಟುಕೊಂಡು ಓದಬಹುದು, ದುಡಿಯಬಹುದು, ಸಂಸಾರ ಮಾಡಬಹುದು. ಇವುಗಳಿಗೆ ಅಡ್ಡಿಯಾಗುವುದು ಎಷ್ಟೋ ವೇಳೆ ವ್ಯಾಧಿಯಲ್ಲ, ನೆರೆಯವರ ಅಂಜಿಕೆ. 2014ರಲ್ಲಿ ವಿಶ್ವ ಆರೋಗ್ಯ ಸಭೆಯೂ ತನ್ನ ನಿರ್ಣಯವೊಂದರಲ್ಲಿ, ಇದು ಅಂಟದ ವ್ಯಾಧಿಯೆಂದು ಸಾರಿ, ರೋಗಿಗಳು ಅನುಭವಿಸುವ ಕಳಂಕದತ್ತ ದೇಶಗಳ ಗಮನ ಸೆಳೆಯಿತು.

ಮಸೂರವನ್ನು ಒರೆಸುವುದು ಒಳ್ಳೆಯ ಅಭ್ಯಾಸವೇ. ಧೂಳಿದ್ದರೆ ಅವಶ್ಯವಾಗಿ ಒರೆಸಿರಿ, ಭಯದಿಂದ ಒರೆಸಬೇಕಾಗಿಲ್ಲ.