ಅರೆಯುವ ಮುನ್ನ ನೋಡಬೇಕು

ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಕೆಜಿಎಫ್‌ನಲ್ಲಿ ಉಳಿದಿರುವುದು ಸೈನೈಡ್ ಗುಡ್ಡಗಳು. ನೂರಿಪ್ಪತ್ತು ವರ್ಷ ಕಲ್ಲು ಅರೆದು, ಚಿನ್ನ ತೆಗೆದು, ಮಿಕ್ಕಿದ್ದನ್ನು ಸುರಿದ ರಾಶಿ ಸುಮಾರು 3.3 ಕೋಟಿ ಟನ್. ಅಲ್ಲಿಂದ ಬರುವ ನನ್ನ ಸಹಪಾಠಿ ಹೇಳುವಂತೆ, ಗಾಳಿ ಜೋರಾದರೆ ಒಣಹಾಕಿದ ಬಟ್ಟೆಗೂ ದೂಳು ಮೆತ್ತುತ್ತದೆ. 2024ರಲ್ಲಿ ಈ ಗುಡ್ಡಗಳ ಹರಾಜಿನ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿದಾಗ ಊರಲ್ಲಿ ಉದ್ಯೋಗದ ಆಸೆಯೂ ಚಿಗುರಿತು, ದೂಳಿನ ಭಯವೂ ಹೆಚ್ಚಿತು.

ಒಂದು ಟನ್ ಪುಡಿಯಲ್ಲಿರುವ ಚಿನ್ನ ಅಂದಾಜು ಒಂದು ಗ್ರಾಂಗಿಂತಲೂ ಕಡಿಮೆ. ರಾಸಾಯನಿಕ ಪರೀಕ್ಷೆ ‘ಎಷ್ಟಿದೆ’ ಎಂದು ಹೇಳುತ್ತದೆ. ‘ಎಲ್ಲಿ ಅಡಗಿದೆ’ ಎಂದು ಹೇಳುವುದಿಲ್ಲ. ಇಲ್ಲಿನ ಚಾಂಪಿಯನ್ ಲೋಡ್‌ನ ಚಿನ್ನ ಬೆಣಚುಕಲ್ಲಿನಲ್ಲಿತ್ತು, ಓರಿಯೆಂಟಲ್ ಲೋಡ್‌ಗಳಲ್ಲಿ ಸಲ್ಫೈಡ್ ಖನಿಜಗಳ ಜೊತೆಗಿತ್ತು. ಬೆಣಚುಕಲ್ಲಿನೊಳಗೆ ಸಿಕ್ಕಿಕೊಂಡ ಕಣವನ್ನು ಇನ್ನಷ್ಟು ನುಣ್ಣಗೆ ಅರೆದು ಬಿಡಿಸಬಹುದು. ಆರ್ಸೆನೋಪೈರೈಟ್‌ನ ಹರಳಿನೊಳಗೇ ಸೇರಿಹೋಗಿದ್ದರೆ ಎಷ್ಟು ಅರೆದರೂ ಸೈನೈಡ್ ಅದನ್ನು ಮುಟ್ಟದು. ಹುರಿಯಬೇಕು, ಇಲ್ಲವೇ ಬ್ಯಾಕ್ಟೀರಿಯಾಗಳಿಂದ ಕರಗಿಸಬೇಕು. ಅದಿರು ಸಂಸ್ಕರಣೆಯಲ್ಲಿ ಅತಿ ಹೆಚ್ಚು ವಿದ್ಯುತ್ ನುಂಗುವುದೇ ಅರೆಯುವ ಕೆಲಸ. ಊಹೆ ತಪ್ಪಿದರೆ ವಿದ್ಯುತ್ತೂ ಹಾಳು, ಸೈನೈಡೂ ಹಾಳು.

ಇಲ್ಲಿಯೇ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನೆರವಿಗೆ ಬರುತ್ತದೆ. ಭಾರದ ಧಾತುಗಳಿಂದ ಹೆಚ್ಚು ಎಲೆಕ್ಟ್ರಾನ್‌ಗಳು ಹಿಂದಕ್ಕೆ ಚಿಮ್ಮುವುದರಿಂದ ಚಿನ್ನ ಬೆಳ್ಳಗೆ ಹೊಳೆಯುತ್ತದೆ, ಬೆಣಚುಕಲ್ಲು ಕಪ್ಪಗೆ ಕಾಣುತ್ತದೆ. ಹೊಮ್ಮುವ ಎಕ್ಸ್-ರೇ ಯಾವ ಧಾತು ಎಂಬುದನ್ನು ತಿಳಿಸುತ್ತದೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಬೆಳೆಸಿದ ಕ್ಯೂಇಎಂಸ್ಕ್ಯಾನ್‌ನಂಥ ಯಂತ್ರಗಳು ಸಾವಿರಾರು ಕಣಗಳನ್ನು ಕೆಲವೇ ಗಂಟೆಗಳಲ್ಲಿ ತಾವಾಗಿಯೇ ಗುರುತಿಸಿ ಲೆಕ್ಕ ಹಾಕುತ್ತವೆ. ಮೈಕ್ರೋ ಸಿ.ಟಿ. ಸ್ಕ್ಯಾನ್ ಕಣವನ್ನು ಕೊಯ್ಯದೆಯೇ ಒಳಗಿನ ಬಿರುಕನ್ನು ತೋರಿಸುತ್ತದೆ.

ಯಂತ್ರಕ್ಕೂ ಮಿತಿ ಇದೆ. ಅದು ಒಮ್ಮೆಗೆ ನೋಡುವುದು ಚಿಟಿಕೆ ಪುಡಿಯನ್ನು. ಗುಡ್ಡದ ಒಂದೇ ಮೂಲೆಯಿಂದ ಮಾದರಿ ತಂದರೆ ಚಿತ್ರ ಸ್ಪಷ್ಟವಾಗಿದ್ದರೂ ತೀರ್ಮಾನ ತಪ್ಪುತ್ತದೆ. ಹಾಗಾಗಿ ಬೇರೆ ಬೇರೆ ಆಳದಿಂದ ಮಾದರಿ ತೆಗೆದು, ಭಾರದ ಕಣಗಳನ್ನು ಮೊದಲು ಬೇರ್ಪಡಿಸಿ ನೋಡಬೇಕು.

ಕಂಪ್ಯೂಟರ್ ಸೈನ್ಸ್ ಓದುವ ನಮಗೆ ಇದರಲ್ಲೇನು ಕೆಲಸ ಎನ್ನುತ್ತೀರಾ? ಈ ಚಿತ್ರಗಳನ್ನು ವಿಂಗಡಿಸುವುದು ನಾವು ಪ್ರಾಜೆಕ್ಟ್‌ಗಳಲ್ಲಿ ಮಾಡುವ ಇಮೇಜ್ ಪ್ರೊಸೆಸಿಂಗ್ ಕೆಲಸವೇ. ಆದರೆ ಕೋಡ್ ಬರೆಯುವವನಿಗೆ ಬೆಣಚುಕಲ್ಲು ಯಾವುದು, ಪೈರೈಟ್ ಯಾವುದು ಎಂದು ತಿಳಿದಿರಬೇಕು. ನಿಮ್ಮ ಕಾಲೇಜಿನಲ್ಲಿ ಮೈನಿಂಗ್ ಅಥವಾ ಭೂವಿಜ್ಞಾನ ವಿಭಾಗವಿದ್ದರೆ ಮುಂದಿನ ಪ್ರಾಜೆಕ್ಟ್‌ಗೆ ಅಲ್ಲಿಯೂ ಒಬ್ಬ ಜೊತೆಗಾರನನ್ನು ಹುಡುಕಿ. ಗುಡ್ಡ ಅಗೆಯುವ ಯಂತ್ರ ಬರುವ ಮುನ್ನ, ಅದರಲ್ಲಿ ಏನಿದೆ ಎಂದು ಬಲ್ಲವರು ಊರಿಗೆ ಬೇಕು.